ಮಕ್ಕಳಿಗೆ ಆರೋಗ್ಯ ಸೇವೆಯ ವೃತ್ತಿಗಳ ಪರಿಚಯ: ಗಡಿ ಊರುಗಳ ತಂದೆ-ತಾಯಂದಿರಿಗೆ ಒಂದು ಮಾಹಿತಿ ಲೇಖನ



ಪ್ರತಿ ವರ್ಷ ಹನ್ನೆರಡನೇ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಸಂಘದ ಫೋನಿಗೆ ಬಿಡುವಿರುವುದಿಲ್ಲ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಶೂಲಗಿರಿ, ಕೃಷ್ಣಗಿರಿ ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮಗಳಿಗೆ ಬಯಾಲಜಿಯಲ್ಲಿ ಒಳ್ಳೆಯ ಅಂಕ ಬಂದಿದೆ, ಡಾಕ್ಟರ್ ಓದಿಸಬೇಕು, ಈಗ ಏನು ಮಾಡಬೇಕು?" ಈ "ಈಗ" ಎನ್ನುವ ಮಾತೇ ನಮಗೆ ಕಷ್ಟ ಕೊಡುತ್ತದೆ. ಗಡಿಯಲ್ಲಿ ಇರುವವರಿಗೆ ಹಲವು ತೀರ್ಮಾನಗಳು ಆರನೇ ತರಗತಿಯಲ್ಲೇ ಆಗಿಹೋಗಿರುತ್ತವೆ. ಮಗು ಯಾವ ರಾಜ್ಯದ ಶಾಲೆಯಲ್ಲಿ ಓದಿತು, ಯಾವ ಭಾಷೆಯಲ್ಲಿ ಓದಿತು, ಶಾಲೆ ಸರ್ಕಾರದ್ದೋ ಖಾಸಗಿಯೋ ಎಂಬುದರ ಮೇಲೆ ಮುಂದಿನ ಬಾಗಿಲುಗಳು ತೆರೆಯುತ್ತವೆ ಅಥವಾ ಮುಚ್ಚುತ್ತವೆ.

ಇನ್ನೊಂದು ತೊಂದರೆಯೂ ಇದೆ. ನಮ್ಮ ಮನೆಗಳಲ್ಲಿ ಆಸ್ಪತ್ರೆ ಕೆಲಸ ಎಂದರೆ ಡಾಕ್ಟರ್, ಬಹಳವಾದರೆ ನರ್ಸ್. ಮಿಕ್ಕ ಕೆಲಸಗಳ ಹೆಸರೇ ಮಕ್ಕಳ ಕಿವಿಗೆ ಬಿದ್ದಿರುವುದಿಲ್ಲ. ಆದ್ದರಿಂದ ಚಿಕ್ಕ ವಯಸ್ಸಿನಿಂದ ಹನ್ನೆರಡನೇ ತರಗತಿಯವರೆಗೆ ತಂದೆ-ತಾಯಂದಿರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ. ದಯವಿಟ್ಟು ಪುಟವನ್ನು ತೆಗೆದಿಟ್ಟುಕೊಳ್ಳಿ.

ಮೊದಲು ಒಂದು ಘಟನೆ

ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರ ತಾಯಿಯನ್ನು ಹೊಟ್ಟೆನೋವೆಂದು ಒಂದು ಆಸ್ಪತ್ರೆಗೆ ಸೇರಿಸಿದ್ದರು. ಅಜ್ಜಿ ಬೆಟ್ಟದ ಕಡೆಯವರು, ಮನೆಮಾತು ಕನ್ನಡ, ಸಂತೆಯಲ್ಲಿ ವ್ಯವಹರಿಸುವಷ್ಟು ತಮಿಳು. ತರಬೇತಿಯಲ್ಲಿದ್ದ ಹುಡುಗಿಯೊಬ್ಬಳು ಬಂದು ಪದ್ಧತಿಯಂತೆ ಕೇಳುವ ಪ್ರಶ್ನೆಗಳನ್ನು ಕೇಳುತ್ತ, "ವಲಿಪ್ಪು ವಂದುಚ್ಚಾ ಪಾಟಿ?" ಎಂದಳು. ತಮಿಳಿನಲ್ಲಿ ವಲಿ ಎಂದರೆ ನೋವು. ವಲಿಪ್ಪು ಎಂದರೆ ಫಿಟ್ಸ್. ಅಜ್ಜಿಗೆ ಗೊತ್ತಿದ್ದದ್ದು ವಲಿ ಒಂದೇ. "ಹೂ ಕಣಮ್ಮಾ, ನಿನ್ನೆಯಿಂದ ಬತ್ತಾನೇ ಐತೆ" ಎಂದುಬಿಟ್ಟರು. ಚೀಟಿಯಲ್ಲಿ ಫಿಟ್ಸ್ ಎಂದು ದಾಖಲಾಯಿತು.

ರಾತ್ರಿ ಪಾಳಿಗೆ ಬಂದ ನರ್ಸ್ ತಳಿ ಕಡೆಯವರು. ಚೀಟಿ ನೋಡಿ ಅವರಿಗೆ ಅನುಮಾನ ಬಂತು. ಹಾಸಿಗೆಯ ಪಕ್ಕ ಕೂತು, "ಅಜ್ಜೀ, ಕೈಕಾಲು ಎಳೆದುಕೊಂಡು ಎಚ್ಚರ ತಪ್ಪಿತ್ತಾ?" ಎಂದು ಕನ್ನಡದಲ್ಲಿ ಕೇಳಿದರು. "ಅಯ್ಯೋ, ಅದ್ಯಾವುದೂ ಇಲ್ಲ, ಹೊಟ್ಟೇನೋವು ಅಷ್ಟೇ" ಎಂದರು ಅಜ್ಜಿ. ದಾಖಲೆ ತಿದ್ದಿದ್ದಾಯಿತು.

ಆ ಹುಡುಗಿಯ ತಪ್ಪೇನೂ ಇರಲಿಲ್ಲ. ಅವಳು ಕೇಳಬೇಕಾದದ್ದನ್ನೇ ಕೇಳಿದ್ದಳು. ಆದರೆ ಅಂದು ಆ ವಾರ್ಡಿನಲ್ಲಿ ಎರಡೂ ಭಾಷೆ ಬಲ್ಲವರೊಬ್ಬರು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನಮಗೆ ಈಗಲೂ ಮೈ ಜುಂ ಎನ್ನುತ್ತದೆ. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವ ನಮ್ಮ ಮಕ್ಕಳ ಬಾಯಿಯಲ್ಲಿರುವುದು ಆಸ್ಪತ್ರೆಗೆ ಬೇಕಾದ ಒಂದು ಸಲಕರಣೆ. ಇದನ್ನು ನಾವು ಮಕ್ಕಳಿಗೆ ಹೇಳಿಕೊಡಬೇಕು.

ಆಸ್ಪತ್ರೆ ಎಂದರೆ ವೈದ್ಯರೊಬ್ಬರೇ ಅಲ್ಲ

ತಮಿಳುನಾಡು ಸರ್ಕಾರದ "ಮಕ್ಕಳೈ ತೇಡಿ ಮರುತ್ತುವಂ" (ಜನರನ್ನು ಹುಡುಕಿಕೊಂಡು ಹೋಗುವ ವೈದ್ಯಸೇವೆ) ಯೋಜನೆ ಶುರುವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. ಆರೋಗ್ಯ ಸೇವೆಯಲ್ಲಿ ಎಷ್ಟು ಬಗೆಯ ಜನ ದುಡಿಯುತ್ತಾರೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಬಿ.ಪಿ., ಸಕ್ಕರೆ ಕಾಯಿಲೆ ನೋಡಿ ಮಾತ್ರೆ ಕೊಡಲು ಮನೆಗೆ ಬರುವವರು ಊರಿನದೇ ಮಹಿಳಾ ಆರೋಗ್ಯ ಕಾರ್ಯಕರ್ತೆ. ಪಾರ್ಶ್ವವಾಯು ಹೊಡೆದವರ ಕೈಕಾಲು ಆಡಿಸಿ ಕಲಿಸಲು ಬರುವವರು ಫಿಸಿಯೋಥೆರಪಿಸ್ಟ್. ಹಾಸಿಗೆ ಹಿಡಿದವರ ಆರೈಕೆಗೆ ಬರುವವರು ಉಪಶಾಮಕ ಚಿಕಿತ್ಸೆಯ ನರ್ಸ್. ವೈದ್ಯರು ಇವರೆಲ್ಲರ ಹಿಂದೆ ಇರುತ್ತಾರೆ. ಅಜ್ಜ-ಅಜ್ಜಿಯನ್ನು ನೋಡಲು ಇವರು ಬಂದಾಗ ಮಕ್ಕಳನ್ನು ಆಚೆ ಕಳಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಗು ಯಾವುದಾದರೂ ಆಸ್ಪತ್ರೆಗೆ ಹೋದಾಗ ಕಾಣಸಿಗುವ ಮುಖ್ಯ ವೃತ್ತಿಗಳೂ ಅವುಗಳ ಓದಿನ ಅವಧಿಯೂ ಹೀಗಿವೆ:

- ವೈದ್ಯರು (ಎಂಬಿಬಿಎಸ್): ನಾಲ್ಕೂವರೆ ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ತಜ್ಞರಾಗಲು ಮುಂದೆ ಮತ್ತೆ 3 ವರ್ಷ.
- ದಂತ ವೈದ್ಯರು (ಬಿಡಿಎಸ್): 5 ವರ್ಷ, ಇಂಟರ್ನ್‌ಶಿಪ್ ಸೇರಿ.
- ಆಯುರ್ವೇದ, ಹೋಮಿಯೋಪಥಿ, ಸಿದ್ಧ: ಐದೂವರೆ ವರ್ಷ.
- ಪಶುವೈದ್ಯರು (ಬಿ.ವಿ.ಎಸ್ಸಿ.): ಐದೂವರೆ ವರ್ಷ. ಮತ್ತಿಗಿರಿಯ ಜಾನುವಾರು ಕ್ಷೇತ್ರ 1824ರಿಂದ ಇರುವ ನಮ್ಮ ಊರಿನಲ್ಲಿ ಈ ವೃತ್ತಿಯನ್ನು ಮರೆಯಬಾರದು. ಅಲ್ಲೇ ಕೋಳಿ ಸಾಕಣೆ ತಂತ್ರಜ್ಞಾನದ ಪದವಿ ಕಾಲೇಜೂ ಇದೆ.
- ನರ್ಸ್: ಬಿ.ಎಸ್ಸಿ. ನರ್ಸಿಂಗ್ 4 ವರ್ಷ, ಡಿಪ್ಲೊಮಾ ನರ್ಸಿಂಗ್ 3 ವರ್ಷ.
- ಫಾರ್ಮಸಿಸ್ಟ್: ಬಿ.ಫಾರ್ಮ್ 4 ವರ್ಷ, ಡಿ.ಫಾರ್ಮ್ 2 ವರ್ಷ. ಔಷಧಿ ಅಂಗಡಿ ನಡೆಸಲು ಈ ಓದೂ ನೋಂದಣಿಯೂ ಬೇಕು.
- ಫಿಸಿಯೋಥೆರಪಿಸ್ಟ್ (ಬಿಪಿಟಿ): ಇತ್ತೀಚಿನವರೆಗೆ ನಾಲ್ಕೂವರೆ ವರ್ಷ ಇತ್ತು.
- ಲ್ಯಾಬ್, ಎಕ್ಸ್‌ರೇ ಮತ್ತು ಸ್ಕ್ಯಾನ್, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಮತ್ತು ಅರಿವಳಿಕೆ, ಹೃದಯ ತಪಾಸಣೆ, ತುರ್ತು ಚಿಕಿತ್ಸೆ ವಿಭಾಗಗಳ ತಂತ್ರಜ್ಞರು: ಪದವಿಯಾದರೆ ಸಾಮಾನ್ಯವಾಗಿ 3 ವರ್ಷ ಓದು, 1 ವರ್ಷ ತರಬೇತಿ.
- ಕಣ್ಣು ಪರೀಕ್ಷಕರು (ಆಪ್ಟೊಮೆಟ್ರಿ): ಇತ್ತೀಚಿನವರೆಗೆ ಸಾಮಾನ್ಯವಾಗಿ 4 ವರ್ಷ.
- ಮಾತು ಮತ್ತು ಶ್ರವಣ ತಜ್ಞರು: 4 ವರ್ಷ. ಮಾತು ಬಾರದ ಮಗುವಿಗೆ ಅದರ ಮನೆಮಾತಿನಲ್ಲೇ ಕಲಿಸಬೇಕಾದ್ದರಿಂದ ಮೂರು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇದು ಹೇಳಿಮಾಡಿಸಿದಂತಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ.

108 ಆಂಬುಲೆನ್ಸ್ ಬಂದಾಗ ಅದರಲ್ಲಿ ಇಬ್ಬರಿರುತ್ತಾರೆ. ಓಡಿಸುವವರನ್ನು ಪೈಲಟ್ ಎನ್ನುತ್ತಾರೆ. ಹಿಂದೆ ರೋಗಿಯ ಜೊತೆ ಇರುವವರು ತುರ್ತು ಚಿಕಿತ್ಸಾ ತಂತ್ರಜ್ಞರು. ಎರಡೂ ರಾಜ್ಯಗಳಲ್ಲಿ ಈ ಸೇವೆ 2008ರಲ್ಲಿ ಶುರುವಾಯಿತು, ಸಂಖ್ಯೆಯೂ ಒಂದೇ.

ಚಿಕ್ಕ ಮಕ್ಕಳಿಗೆ: ಐದನೇ ತರಗತಿಯವರೆಗೆ

ಈ ವಯಸ್ಸಿನಲ್ಲಿ "ನೀನು ಡಾಕ್ಟರ್ ಆಗಬೇಕು" ಎಂದು ಹೇಳುವುದರಿಂದ ಏನೂ ಪ್ರಯೋಜನವಿಲ್ಲ. ಸೂಜಿಯ ಹೆದರಿಕೆ ಬಿಡಿಸಿ, ದೇಹದ ಬಗ್ಗೆ ಕುತೂಹಲ ಹುಟ್ಟಿಸಿದರೆ ಸಾಕು. "ಸುಮ್ನಿರದಿದ್ದರೆ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸ್ತೀನಿ" ಎಂದು ಹೆದರಿಸುವ ಪದ್ಧತಿಯನ್ನು ದಯವಿಟ್ಟು ಎಲ್ಲರೂ ಬಿಡೋಣ. ನಾವೂ ನಮ್ಮ ಮಕ್ಕಳಿಗೆ ಹಾಗೆ ಹೇಳಿದವರೇ.

ಮನೆಯಲ್ಲೇ ಮಾಡಿಸಬಹುದಾದವು:

- ಕೈಯ ಮಣಿಕಟ್ಟಿನಲ್ಲಿ ನಾಡಿ ಹಿಡಿದು ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸುವುದು. ದೊಡ್ಡವರಿಗೆ ಸುಮ್ಮನೆ ಕೂತಾಗ 60ರಿಂದ 100. ಬೀದಿಯ ಆ ತುದಿಗೆ ಓಡಿ ಬಂದು ಮತ್ತೆ ಎಣಿಸಲಿ, ಯಾಕೆ ಹೆಚ್ಚಾಯಿತು ಎಂದು ತಾನೇ ಕೇಳುತ್ತದೆ.
- ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಮನಾಗಿರಬೇಕು, ರಾಶಿ ಇರಬಾರದು. ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಜೀವ ಉಳಿಸುವ ನೀರು ಇದು. ಅಳತೆ ಯಾಕೆ ತಪ್ಪಬಾರದು ಎಂದು ಕಲಿತ ಮಗು ಫಾರ್ಮಸಿಯ ಮೊದಲ ಪಾಠ ಕಲಿತಂತೆ.
- ಥರ್ಮಾಮೀಟರ್ ಓದುವುದು. ಆರೋಗ್ಯವಾಗಿದ್ದಾಗ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37 ಡಿಗ್ರಿ ಸೆಲ್ಸಿಯಸ್.
- ಮನುಷ್ಯನ ಚಿತ್ರ ಬರೆದು ಅಂಗಗಳ ಹೆಸರನ್ನು ಮೂರು ಭಾಷೆಯಲ್ಲಿ ಬರೆಸುವುದು: ಹೃದಯ, ಇದಯಂ, ಹಾರ್ಟ್. ಶ್ವಾಸಕೋಶ, ನುರೈಯೀರಲ್, ಲಂಗ್ಸ್. ಮೂತ್ರಪಿಂಡ, ಸಿರುನೀರಗಂ, ಕಿಡ್ನಿ. ಪಿತ್ತಜನಕಾಂಗ, ಕಲ್ಲೀರಲ್, ಲಿವರ್. ಮೇಲೆ ಹೇಳಿದ ಅಜ್ಜಿಯ ಘಟನೆ ನೆನಪಿರಲಿ.

ಕಥೆ ಕೇಳುವ ಮಕ್ಕಳಿಗೆ ನಿಜವಾದ ಕಥೆಗಳೇ ಇವೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಶಾಲೆಗೆ ಹೋದವರಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದರು. ಪುದುಕೋಟೆಯಲ್ಲಿ ಹುಟ್ಟಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಣ್ಣುಮಕ್ಕಳು ಮನೆಯಿಂದ ಹೊರಬರುವುದೇ ಕಷ್ಟವಿದ್ದ ಕಾಲದಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿ 1912ರಲ್ಲಿ ವೈದ್ಯರಾದರು, 1954ರಲ್ಲಿ ಅಡ್ಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಕಟ್ಟಿದರು. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನೆಲೆಸಿದರು. 1981ರಲ್ಲಿ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇಂದಿಗೂ ಇದೆ. ನಮ್ಮ ಪಕ್ಕದ ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ ಕಣಿವೆಯಲ್ಲಿ ವೈದ್ಯ ದಂಪತಿಯೊಬ್ಬರು 1993ರಲ್ಲಿ ಗುಡಿಸಲಿನಲ್ಲಿ ಚಿಕಿತ್ಸೆ ಆರಂಭಿಸಿ, ಅಲ್ಲಿನ ಬುಡಕಟ್ಟಿನ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು.

ಓದುವ ಅಭ್ಯಾಸವಿದ್ದರೆ ಡಾ. ಅನುಪಮಾ ನಿರಂಜನ ಅವರ ಪುಸ್ತಕಗಳನ್ನು ಕೊಡಿ. ಅವರು ವೃತ್ತಿಯಿಂದ ವೈದ್ಯರು. ಮಕ್ಕಳಿಗೆ "ದಿನಕ್ಕೊಂದು ಕಥೆ", ಬೆಳೆಯುವ ಹೆಣ್ಣುಮಕ್ಕಳಿಗೆ "ಕೇಳು ಕಿಶೋರಿ". ವೈದ್ಯರಾದವರು ಕನ್ನಡದಲ್ಲಿ ಬರೆದರೂ ಬೆಳಗಬಹುದು ಎಂದು ಮಕ್ಕಳಿಗೆ ಗೊತ್ತಾಗಲಿ.

ಆರನೇ ತರಗತಿ: ಗಡಿಯವರು ಎಚ್ಚರ ವಹಿಸಬೇಕಾದ ವರ್ಷ

ನಮ್ಮಲ್ಲಿ ಅನೇಕರು ಐದನೇ ತರಗತಿಯವರೆಗೆ ಇಲ್ಲೇ ಓದಿಸಿ, ಆಮೇಲೆ ಅತ್ತಿಬೆಲೆ, ಆನೇಕಲ್ ಕಡೆ ಸೇರಿಸುತ್ತಾರೆ. ಕನ್ನಡ ಉಳಿಯಲಿ ಎಂಬ ಆಸೆ ಒಳ್ಳೆಯದೇ. ಆದರೆ ಲೆಕ್ಕ ಗೊತ್ತಿದ್ದು ಸೇರಿಸಬೇಕು.

ತಮಿಳುನಾಡಿನಲ್ಲಿ 2020ರ ಕಾಯ್ದೆಯ ಪ್ರಕಾರ ವೈದ್ಯಕೀಯ, ದಂತ, ಭಾರತೀಯ ವೈದ್ಯ ಮತ್ತು ಹೋಮಿಯೋಪಥಿ ಸೀಟುಗಳಲ್ಲಿ 7.5 ಶೇಕಡ ಸರ್ಕಾರಿ ಶಾಲೆಯ ಮಕ್ಕಳಿಗೆ ಮೀಸಲು. ಆರರಿಂದ ಹನ್ನೆರಡನೇ ತರಗತಿಯವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿರಬೇಕು. ಶಿಕ್ಷಣ ಹಕ್ಕು ಕಾಯ್ದೆಯಡಿ ಎಂಟರವರೆಗೆ ಖಾಸಗಿ ಶಾಲೆಯಲ್ಲಿ ಓದಿ, ಒಂಬತ್ತರಿಂದ ಸರ್ಕಾರಿ ಶಾಲೆಗೆ ಬಂದವರಿಗೂ ಇದು ಸಿಗುತ್ತದೆ. ಅನುದಾನಿತ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ. ಹೀಗೆ ಸೀಟು ಪಡೆದವರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. 2021ರಲ್ಲಿ ಬಂದ ಇನ್ನೊಂದು ಕಾಯ್ದೆ ಪಶುವೈದ್ಯಕೀಯ, ಕೃಷಿ, ಎಂಜಿನಿಯರಿಂಗ್ ಮುಂತಾದವಕ್ಕೂ ಇದೇ ಮೀಸಲು ಕೊಟ್ಟಿತು. ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದ ಮಗುವೂ ಸರ್ಕಾರಿ ಶಾಲೆಯ ಮಗುವೇ. ಏಳನೇ ತರಗತಿಗೆ ಗಡಿ ದಾಟಿಸಿದರೆ ಈ ಹಕ್ಕು ಕೈಬಿಡುತ್ತದೆ.

ಅಲ್ಲಿ ಓದಿದ ಮಗುವಿಗೆ ತಮಿಳುನಾಡಿನ ಸಾಮಾನ್ಯ ಸೀಟಿಗೆ ಅರ್ಜಿ ಹಾಕುವ ದಾರಿ ಪೂರ್ತಿ ಮುಚ್ಚುವುದಿಲ್ಲ. ಆದರೆ ಇಲ್ಲಿನ ನಿವಾಸಿ ಎಂಬ ನೇಟಿವಿಟಿ ಪತ್ರ, ಜೊತೆಗೆ ತಂದೆ-ತಾಯಿಯ ದಾಖಲೆಗಳು ಬೇಕಾಗುತ್ತವೆ.

ಕರ್ನಾಟಕದ ಕಡೆಯ ನಿಯಮ ಬೇರೆ. ಅಲ್ಲಿನ ಸರ್ಕಾರಿ ಕೋಟಾದ ಸೀಟಿಗೆ ಸಾಮಾನ್ಯವಾಗಿ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಗಡಿನಾಡು ಕನ್ನಡಿಗರ ವಿಧಿಯೊಂದಿದೆ. ಆದರೆ ಅದರಲ್ಲಿ ಹೆಸರಿಸಿರುವುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳನ್ನು. "ನಾವೂ ಗಡಿನಾಡಿನವರಲ್ಲವೇ" ಎಂದು ಹೊಸೂರಿನವರು ಅದನ್ನು ನಂಬಿ ಕೂರಬೇಡಿ. ಹೊರನಾಡು ಕನ್ನಡಿಗರಿಗೆ ಬೇರೆ ವಿಧಿಯಿದೆ, ಅದರ ಷರತ್ತುಗಳೂ ಬೇರೆ, ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಕವನ್ನು ಓದದೆ ಯಾರ ಮಾತನ್ನೂ ಕೇಳಬೇಡಿ, ನಮ್ಮ ಮಾತನ್ನೂ ಸೇರಿಸಿ.

ಮೂರು ವರ್ಷ ಇಲ್ಲಿ, ನಾಲ್ಕು ವರ್ಷ ಅಲ್ಲಿ, ಮತ್ತೆ ಎರಡು ವರ್ಷ ಇಲ್ಲಿ ಎಂದು ಓದಿದ ಮಗು ಎರಡೂ ಕಡೆ ತೊಂದರೆಗೆ ಸಿಕ್ಕಿಕೊಳ್ಳುತ್ತದೆ. ಇಂಥ ಮಕ್ಕಳ ತಂದೆಯರು ನಮ್ಮ ಮುಂದೆ ಕೂತು ಕಣ್ಣೀರು ಹಾಕಿದ್ದನ್ನು ನೋಡಿದ್ದೇವೆ. ಒಂದು ಕಡೆ ನಿಲ್ಲಿಸಿ ಓದಿಸಿ.

ನೀಟ್ ಪರೀಕ್ಷೆ ಮತ್ತು ನಮ್ಮ ಭಾಷೆ

ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಹೋಮಿಯೋಪಥಿ, ಸಿದ್ಧ ಓದಲು ನೀಟ್ ಬೇಕೇ ಬೇಕು. ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. 2025ರ ಪರೀಕ್ಷೆಯಲ್ಲಿ ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90, ಒಟ್ಟು 180 ಪ್ರಶ್ನೆ, 720 ಅಂಕ, 3 ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ.

ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ. ಕನ್ನಡವೂ ಇದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತಮಿಳು ಪತ್ರಿಕೆ ತಮಿಳುನಾಡಿನ ಕೇಂದ್ರಗಳಲ್ಲಿ ಸಿಗುತ್ತದೆ, ತೆಲುಗು ಪತ್ರಿಕೆ ಆಂಧ್ರ ಮತ್ತು ತೆಲಂಗಾಣದಲ್ಲಿ ಮಾತ್ರ. ಅಂದರೆ ಕನ್ನಡದಲ್ಲಿ ಬರೆಯಬೇಕೆನ್ನುವ ಹೊಸೂರಿನ ಮಗು ಅರ್ಜಿ ಹಾಕುವಾಗಲೇ ಬೆಂಗಳೂರಿನಂಥ ಕರ್ನಾಟಕದ ಕೇಂದ್ರವನ್ನು ಆರಿಸಿಕೊಳ್ಳಬೇಕು. ಅರ್ಜಿ ಅಂತಿಮವಾದ ಮೇಲೆ ಭಾಷೆ ಬದಲಾಯಿಸಲು ಆಗುವುದಿಲ್ಲ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬುದೂ ನೆನಪಿರಲಿ. ಮುಂದೆ ಕಾಲೇಜಿನ ಓದು ಇಂಗ್ಲಿಷಿನಲ್ಲೇ ಇರುವುದರಿಂದ ಒಂಬತ್ತನೇ ತರಗತಿಯಿಂದಲೇ ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಸಿ.

ಸರ್ಕಾರಿ ಕಾಲೇಜುಗಳ ಸೀಟಿನಲ್ಲಿ 15 ಶೇಕಡ ಅಖಿಲ ಭಾರತ ಕೋಟಾ. ಇದಕ್ಕೆ ಯಾವ ರಾಜ್ಯದಲ್ಲಿ ಓದಿದ್ದರೂ ಅಡ್ಡಿಯಿಲ್ಲ. ಮಿಕ್ಕ 85 ಶೇಕಡ ರಾಜ್ಯದ್ದು. ನಮ್ಮ ಜಿಲ್ಲೆಗೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. 2022ರ ಜನವರಿ 12ರಂದು ತಮಿಳುನಾಡಿನಲ್ಲಿ ಒಟ್ಟಿಗೆ ಉದ್ಘಾಟನೆಯಾದ 11 ಕಾಲೇಜುಗಳಲ್ಲಿ ಕೃಷ್ಣಗಿರಿಯದೂ ಒಂದು, 150 ಸೀಟು. ಧರ್ಮಪುರಿಯದು 2008ರಿಂದ ಇದೆ. ನಾವು ಹುಡುಗರಾಗಿದ್ದಾಗ ವೈದ್ಯಕೀಯ ಕಾಲೇಜನ್ನು ಕಣ್ಣಲ್ಲಿ ನೋಡಲು ಬೆಂಗಳೂರಿಗೋ ವೆಲ್ಲೂರಿಗೋ ಹೋಗಬೇಕಿತ್ತು.

ನೀಟ್ ಇಲ್ಲದ ದಾರಿಗಳು

ಇದನ್ನು ಬಹಳ ಜನ ತಡವಾಗಿ ತಿಳಿಯುತ್ತಾರೆ. ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮ್ ಮತ್ತು ಮೇಲೆ ಹೇಳಿದ ಹಲವು ತಂತ್ರಜ್ಞ ಪದವಿಗಳಿಗೆ ತಮಿಳುನಾಡಿನಲ್ಲಿ ಹನ್ನೆರಡನೇ ತರಗತಿಯ ಅಂಕದ ಮೇಲೆ ಆಯ್ಕೆ ನಡೆಯುತ್ತ ಬಂದಿದೆ. ಚೆನ್ನೈನ ಕೀಳ್ಪಾಕ್‌ನಲ್ಲಿರುವ ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯದ ಆಯ್ಕೆ ಸಮಿತಿ ಇದನ್ನು ನಡೆಸುತ್ತದೆ. ಅರ್ಜಿ ಆನ್‌ಲೈನಿನಲ್ಲಿ. ಪಶುವೈದ್ಯಕೀಯದ ರಾಜ್ಯ ಸೀಟುಗಳಿಗೂ ತಮಿಳುನಾಡಿನಲ್ಲಿ ಹನ್ನೆರಡರ ಅಂಕವೇ ಆಧಾರ. ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮ್, ಪಶುವೈದ್ಯಕೀಯ ಸೀಟುಗಳಿಗೆ ಸಿಇಟಿ ಬರೆಯಬೇಕು. ಫಿಸಿಯೋಥೆರಪಿ ಮೊದಲಾದ ಕೆಲವು ಓದುಗಳಿಗೆ ರಾಷ್ಟ್ರಮಟ್ಟದಲ್ಲಿ ನಿಯಮಗಳು ಬದಲಾಗುತ್ತಿವೆ, ಆದ್ದರಿಂದ ಆಯಾ ವರ್ಷದ ಕೈಪಿಡಿಯನ್ನೇ ನೋಡಿ.

ನಮ್ಮ ಸದಸ್ಯರೊಬ್ಬರ ಮಗಳು ಎರಡು ವರ್ಷ ಮನೆಯಲ್ಲಿ ಕೂತು ನೀಟ್ ಬರೆದಳು. ಸೀಟು ಬರಲಿಲ್ಲ. ಆ ಎರಡು ವರ್ಷವೂ ನರ್ಸಿಂಗ್ ಅರ್ಜಿಯ ಕೊನೆಯ ದಿನಾಂಕ ಕಳೆದುಹೋಗಿತ್ತು, ಏಕೆಂದರೆ ಮನೆಯಲ್ಲಿ ಯಾರೂ ಅದನ್ನು ನೋಡಿಯೇ ಇರಲಿಲ್ಲ. ಮೂರನೇ ವರ್ಷ ಡಯಾಲಿಸಿಸ್ ತಂತ್ರಜ್ಞಾನಕ್ಕೆ ಸೇರಿದಳು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. "ವಾರಕ್ಕೆ ಎರಡು-ಮೂರು ಸಲ ಅದೇ ರೋಗಿಗಳು ಬರ್ತಾರೆ ಅಂಕಲ್, ಮನೆಯವರ ಥರ ಆಗಿಬಿಟ್ಟಿದ್ದಾರೆ" ಎಂದು ಹೇಳಿದಳು. ಅವಳಿಗೆ ಆ ಹೆಸರನ್ನು ಮೊದಲೇ ಯಾರಾದರೂ ಹೇಳಿದ್ದರೆ ಎರಡು ವರ್ಷವೂ ಉಳಿಯುತ್ತಿತ್ತು, ಅತ್ತ ರಾತ್ರಿಗಳೂ ಉಳಿಯುತ್ತಿದ್ದವು. ನೀಟ್ ಬರೆಯುವ ಮಗುವೂ ಜೊತೆಗೇ ಈ ಅರ್ಜಿಯನ್ನು ಹಾಕಬಹುದು, ಹಾಕಬೇಕು.

ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡರವರೆಗೆ ಓದಿ ಮುಂದಕ್ಕೆ ಸೇರುವ ಹೆಣ್ಣುಮಕ್ಕಳಿಗೆ "ಪುದುಮೈ ಪೆಣ್" ಯೋಜನೆಯಲ್ಲಿ (2022ರಿಂದ), ಗಂಡುಮಕ್ಕಳಿಗೆ "ತಮಿಳ್ ಪುದಲ್ವನ್" ಯೋಜನೆಯಲ್ಲಿ (2024ರಿಂದ) ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ.

ದಾಖಲೆಗಳ ಕಡತ

ವೃತ್ತಿಜೀವನವನ್ನೆಲ್ಲ ಕಡತಗಳ ನಡುವೆ ಕಳೆದವರು ನಾವು. ಸೀಟು ಬಂದಿದ್ದೂ ಒಂದು ಕಾಗದ ಇಲ್ಲದೆ ಕೈತಪ್ಪಿದ್ದನ್ನು ಕಂಡಿದ್ದೇವೆ. ಹತ್ತನೇ ತರಗತಿ ಮುಗಿದ ಕೂಡಲೇ ಒಂದು ಫೈಲು ಮಾಡಿ ಇವನ್ನು ಸೇರಿಸಿ:

- ಜನನ ಪ್ರಮಾಣಪತ್ರ, ಆಧಾರ್.
- ಆರರಿಂದ ಹನ್ನೆರಡರವರೆಗೆ ಓದಿದ ಪ್ರತಿ ಶಾಲೆಯ ವ್ಯಾಸಂಗ ಪತ್ರ ಮತ್ತು ವರ್ಗಾವಣೆ ಪತ್ರ. ಶಾಲೆ ಬಿಡುವ ದಿನವೇ ಪಡೆದುಕೊಳ್ಳಿ.
- ಜಾತಿ ಪ್ರಮಾಣಪತ್ರ. ಒಂದೇ ಸಮುದಾಯ ಎರಡು ರಾಜ್ಯಗಳ ಪಟ್ಟಿಯಲ್ಲಿ ಬೇರೆ ಹೆಸರು, ಬೇರೆ ವರ್ಗದಲ್ಲಿರಬಹುದು. ಅಖಿಲ ಭಾರತ ಕೋಟಾಕ್ಕೆ ಕೇಂದ್ರ ಪಟ್ಟಿಯ ಒಬಿಸಿ ಪತ್ರ ಪ್ರತ್ಯೇಕವಾಗಿ ಬೇಕು.
- ನೇಟಿವಿಟಿ, ಆದಾಯ ಪತ್ರ, ಮನೆಯಲ್ಲಿ ಮೊದಲ ಪದವೀಧರರಾದರೆ ಆ ಪತ್ರ. ಇವೆಲ್ಲ ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿ ಪಡೆಯಬಹುದು.

ಎಲ್ಲ ಕಾಗದದಲ್ಲೂ ಹೆಸರು ಮತ್ತು ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ನೋಡಿ. ಗಡಿಯಲ್ಲಿ ಇದೇ ದೊಡ್ಡ ತಲೆನೋವು. ಕನ್ನಡದಲ್ಲಿ ಬರೆದ ಹೆಸರು ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದಾಗ ಗಿರೀಶ ಕಿರೀಶನಾಗಿರುತ್ತಾನೆ, ಗೌರಿ ಕೌರಿಯಾಗಿರುತ್ತಾಳೆ. ತಿದ್ದುಪಡಿಗೆ ತಿಂಗಳುಗಳೇ ಬೇಕು, ಕೌನ್ಸೆಲಿಂಗ್ ವಾರದಲ್ಲಿ ಆಗುವ ಕೆಲಸವಲ್ಲ.

ಮೋಸ ಹೋಗದಿರಲು

ಫಲಿತಾಂಶದ ಮಾರನೇ ದಿನದಿಂದ ಏಜೆಂಟರ ಫೋನು ಬರತೊಡಗುತ್ತದೆ. "ಸೀಟು ಖಾಯಂ, ಈಗಲೇ ಮುಂಗಡ ಕಟ್ಟಿ" ಎಂದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ನಮ್ಮ ಪರಿಚಯದ ಒಬ್ಬ ಹುಡುಗ ಎರಡು ವರ್ಷ ಓದಿ ಪಡೆದ ಡಿಪ್ಲೊಮಾಕ್ಕೆ ಮಾನ್ಯತೆಯೇ ಇರಲಿಲ್ಲ. ತಂದೆ ಮಾರಿದ್ದ ಹಸುಗಳೂ ಹೋದವು, ಮಗನ ವರ್ಷಗಳೂ ಹೋದವು.

ಸೇರುವ ಮೊದಲು ಮಾನ್ಯತೆ ನೋಡಿ: ಎಂಬಿಬಿಎಸ್‌ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ನರ್ಸಿಂಗ್‌ಗೆ ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ರಾಜ್ಯ ನರ್ಸಿಂಗ್ ಪರಿಷತ್ತು, ಫಾರ್ಮಸಿಗೆ ಭಾರತೀಯ ಫಾರ್ಮಸಿ ಪರಿಷತ್ತು. ತಂತ್ರಜ್ಞ ಓದುಗಳಿಗೆ 2021ರ ಕಾಯ್ದೆಯಡಿ ರಾಷ್ಟ್ರೀಯ ಆಯೋಗ ರಚನೆಯಾಗಿದೆ. ಪದವಿ ಕಾಲೇಜಾದರೆ ತಮಿಳುನಾಡಿನಲ್ಲಿ ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ, ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ, ಇಲ್ಲವೇ ಮಾನ್ಯತೆ ಪಡೆದ ಸ್ವಾಯತ್ತ ವಿಶ್ವವಿದ್ಯಾಲಯವೇ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಮಗುವಿನ ಮನಸ್ಸು

ಮಗು ರಕ್ತ ನೋಡಿ ಹೆದರಿದರೆ ಅದು ತಪ್ಪಲ್ಲ. ಬೇರೆಯವರ ನೋವು ನೋಡಿ ಹತ್ತಿರ ಹೋಗುತ್ತದೆಯೋ ದೂರ ಸರಿಯುತ್ತದೆಯೋ ಗಮನಿಸಿ. ಹತ್ತಿರ ಹೋಗುವ ಮಗುವಿಗೆ ಈ ಕ್ಷೇತ್ರದಲ್ಲಿ ಎಲ್ಲಾದರೂ ಒಂದು ಜಾಗವಿದೆ. ದೂರ ಸರಿಯುವ ಮಗುವನ್ನು ಬಲವಂತ ಮಾಡಬೇಡಿ. ನಮ್ಮ ನೆರೆಹೊರೆಯ ಮರ್ಯಾದೆಗಾಗಿ ಮಗು ವೈದ್ಯನಾಗಬೇಕಾಗಿಲ್ಲ.

ಪರೀಕ್ಷೆಯ ಒತ್ತಡದಲ್ಲಿ ಮಕ್ಕಳು ಜೀವ ಕಳೆದುಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಮಾತು ಬಿಟ್ಟರೆ ಓದು ಆಮೇಲೆ, ಮೊದಲು ಮಾತಾಡಿಸಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ತಮಿಳುನಾಡಿನಲ್ಲಿ 104 ಕೂಡ ಇದೆ.

ಊರಿನ ಘಟಕಗಳು ಏನು ಮಾಡಬಹುದು

ದೊಡ್ಡ ಸಭೆ, ಹಾರ, ವೇದಿಕೆ ಬೇಡ. ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ, ಇಪ್ಪತ್ತು ಮಕ್ಕಳು, ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮವರೇ ಮೂವರು. ಒಬ್ಬರು ವೈದ್ಯರಾದರೆ ಇನ್ನಿಬ್ಬರು ಬೇರೆ ಕೆಲಸದವರಾಗಿರಲಿ. "ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡ್ತೀರಿ?" ಎಂಬ ಒಂದೇ ಪ್ರಶ್ನೆಗೆ ಅವರು ಉತ್ತರ ಹೇಳಿದರೆ ಸಾಕು. ಅನುಕೂಲಕ್ಕೆ ಕೆಲವು ದಿನಗಳು: ಏಪ್ರಿಲ್ 7 ವಿಶ್ವ ಆರೋಗ್ಯ ದಿನ, ಮೇ 12 ದಾದಿಯರ ದಿನ, ಜುಲೈ 1 ವೈದ್ಯರ ದಿನ, ಸೆಪ್ಟೆಂಬರ್ 8 ಫಿಸಿಯೋಥೆರಪಿ ದಿನ, ಸೆಪ್ಟೆಂಬರ್ 25 ಫಾರ್ಮಸಿಸ್ಟರ ದಿನ. ನವೆಂಬರ್ 8 ಎಕ್ಸ್‌ರೇ ಕಂಡುಹಿಡಿದ ದಿನ (1895), ನಮ್ಮ ರಾಜ್ಯೋತ್ಸವದ ತಿಂಗಳಲ್ಲೇ ಬರುತ್ತದೆ.

ಸದಸ್ಯರಲ್ಲಿ ನರ್ಸ್, ಲ್ಯಾಬ್, ಫಾರ್ಮಸಿ, ಆಂಬುಲೆನ್ಸ್ ಹೀಗೆ ಯಾವುದೇ ಆರೋಗ್ಯ ಸೇವೆಯಲ್ಲಿ ಇರುವವರು, ನಿವೃತ್ತರಾದವರು ತಮ್ಮ ಹೆಸರನ್ನು ತಮ್ಮ ಊರಿನ ಘಟಕದ ಪದಾಧಿಕಾರಿಗಳಿಗೆ ತಿಳಿಸಬೇಕೆಂದು ಕೋರುತ್ತೇವೆ. ವೇದಿಕೆಯ ಮೇಲೆ ಭಾಷಣ ಮಾಡಬೇಕಾಗಿಲ್ಲ, ಮಕ್ಕಳ ಜೊತೆ ನೆಲದ ಮೇಲೆ ಕೂತು ಮಾತಾಡಿದರೆ ಸಾಕು.

ದಾಖಲೆಗಳ ಬಗ್ಗೆ ಅನುಮಾನವಿದ್ದವರು ಕಾಗದಗಳನ್ನು ತೆಗೆದುಕೊಂಡು ಬಂದರೆ ನಾವು ಕೂತು ನೋಡಿ ಹೇಳುತ್ತೇವೆ. ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಬರಬೇಡಿ ಎನ್ನುವುದಿಲ್ಲ. ಆದರೆ ಮಗು ಐದನೇ ತರಗತಿಯಲ್ಲಿ ಇದ್ದಾಗಲೇ ಬಂದರೆ ನಮಗೆ ಇನ್ನೂ ಸಂತೋಷ.

ಇಂತಿ,
ಕಾರ್ಯದರ್ಶಿ